ಏಳನೆಯ ಪ್ರಶ್ನೆ

ನಮ್ಮ ಊರಿನಲ್ಲಿ ಮಕ್ಕಳು ಹೆದರಿದರೆ ಅವರ ಕಾಲು ನೆಲ ಬಿಡುತ್ತದೆ. ಸಣ್ಣ ಹೆದರಿಕೆಗೆ ಒಂದು ಬೆರಳು, ದೊಡ್ಡದಕ್ಕೆ ಒಂದು ಗೇಣು, ಗಣಿತದ ಪರೀಕ್ಷೆಗೆ ಒಂದು ಮೊಳ. ಇದರಲ್ಲಿ ನಮಗೆ ವಿಶೇಷವೇನೂ ಕಾಣುವುದಿಲ್ಲ. ಹಲ್ಲಿನ ಡಾಕ್ಟರು ಕುರ್ಚಿಗೆ ಬೆಲ್ಟು ಹಾಕಿಸಿದ್ದಾರೆ. ಕ್ಷೌರದ ಅಂಗಡಿಯವನು ಮಗುವಿನ ಮಡಿಲಲ್ಲಿ ಒಂದು ಗುಂಡುಕಲ್ಲು ಇಟ್ಟೇ ಕತ್ತರಿ ಹಿಡಿಯುತ್ತಾನೆ. ಫಲಿತಾಂಶದ ದಿನ ಶಾಲೆಯ ಫ್ಯಾನುಗಳನ್ನು ಬೆಳಗ್ಗೆಯೇ ನಿಲ್ಲಿಸಿರುತ್ತಾರೆ. ನೆಂಟರ ಮನೆಗೆ ಹೊರಟಾಗ ಮಕ್ಕಳ ಜೇಬಿಗೆ ಹೊಳೆಯ ಕಲ್ಲು ತುಂಬುವುದು ಮರ್ಯಾದಸ್ಥರ ಲಕ್ಷಣ, ಏಕೆಂದರೆ ಮಗು ನಾಲ್ಕು ಜನರ ಮುಂದೆ ನೆಲ ಬಿಟ್ಟರೆ ಅವಮಾನ ಆಗುವುದು ಮಗುವಿಗಲ್ಲ, ಹೆತ್ತವರಿಗೆ. ಹದಿನಾಲ್ಕು, ಹದಿನೈದು ತುಂಬುವ ಹೊತ್ತಿಗೆ ಇದು ತಾನಾಗಿ ನಿಂತುಹೋಗುತ್ತದೆ. ದೊಡ್ಡವರಾದ ಮೇಲೆ ಹೆದರಿಕೆ ಇರುವುದಿಲ್ಲ ಎಂದು ದೊಡ್ಡವರು ಹೇಳುತ್ತಾರೆ.

ನನ್ನ ಹೆಸರು ತ್ರಿಪುರಾಂಬ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರಾಗಿದ್ದು ನಿವೃತ್ತಳಾದವಳು. ಯಾವ ಅಂಗಡಿಯವನು ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದ್ದಾನೆ ಎಂಬುದು ನನಗೆ ಬೀದಿಯ ಆಚೆಯಿಂದಲೇ ತಿಳಿಯುತ್ತಿತ್ತು. ಊರವರು ಎದುರಿಗೆ ‘ಮೇಡಂ’ ಎನ್ನುತ್ತಾರೆ, ಬೆನ್ನ ಹಿಂದೆ ‘ಅಳತೆಯಮ್ಮ’. ಎರಡನೆಯದೇ ನನಗೆ ಹೆಚ್ಚು ಇಷ್ಟ, ಆದರೆ ಅದನ್ನು ಯಾರಿಗೂ ಹೇಳಿಕೊಂಡಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರಿಗೆ ಒಂದು ಕಪ್ಪುಚುಕ್ಕೆಯೂ ಬಿದ್ದಿರಲಿಲ್ಲ. ಇದನ್ನು ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡಿದ್ದೇನೆ.

ಊರಾಚೆ ಒಂದು ದೊಡ್ಡ ಬಂಡೆ ಇದೆ. ಪ್ರತಿ ಭಾನುವಾರ ಬೆಳಗ್ಗೆ ಬಂಡೆ ಹತ್ತುವವರ ಸಂಘದ ನಲವತ್ತು ಮಕ್ಕಳು ಅದರ ಬುಡದ ಮೈದಾನದಲ್ಲಿ ಸೇರುತ್ತಾರೆ. ಸಂಘದ ಅಧ್ಯಕ್ಷರು ಕಬ್ಬಿಣದ ಅಂಗಡಿಯ ಸಿದ್ಧವೀರಪ್ಪನವರು. ಒಂದು ದಿನ ಅವರಿಗೆ ಮೇಲಿನಿಂದ ಕಾಗದ ಬಂತು: ಬಯಲು ಆಟದ ಪ್ರತಿ ಸಂಘವೂ ಒಬ್ಬ ಮಕ್ಕಳ ರಕ್ಷಣಾಧಿಕಾರಿಯನ್ನು ನೇಮಿಸತಕ್ಕದ್ದು. ಅವರು ಅದೇ ಸಂಜೆ ನಮ್ಮ ಮನೆಗೆ ಬಂದರು.

“ಮೇಡಂ, ನಿಮಗೂ ಮನೇಲಿ ಹೊತ್ತು ಹೋಗಲ್ಲ, ನಮಗೂ ಕಾಗದ ಪತ್ರ ಸರಿಯಾಗಿರತ್ತೆ. ಬಂದ್ಬಿಡಿ. ಕೆಲಸ ಏನೂ ಇಲ್ಲ, ನೆರಳಲ್ಲಿ ಕುರ್ಚಿ ಹಾಕಿಸ್ತೀನಿ” ಎಂದರು.

ಕೆಲಸ ಏನೂ ಇಲ್ಲ ಎಂದರೆ ನನಗೆ ಕೆರಳುತ್ತದೆ. ಒಂದೇ ತಿಂಗಳಲ್ಲಿ ಇಪ್ಪತ್ತಾರು ನಿಯಮ ಬರೆದೆ. ದೊಡ್ಡವರು ಯಾರೂ ಮಗುವನ್ನು ಒಂಟಿಯಾಗಿ ಎಲ್ಲಿಗೂ ಕರೆದೊಯ್ಯಕೂಡದು. ಹಗ್ಗ ಮುಟ್ಟಬಹುದು, ಮಗುವನ್ನು ಮುಟ್ಟಕೂಡದು. ಹಗ್ಗದ ಕೋಣೆಗೆ ಬಾಗಿಲೇ ಇರಕೂಡದು, ಬಾಗಿಲನ್ನು ಕೀಳಿಸಿದೆ. ಬೈಗುಳ ಕೂಡದು, ಅಡ್ಡಹೆಸರು ಕೂಡದು. ಜೊತೆಗೆ ಪ್ರತಿ ಮಗುವಿಗೂ ಹನ್ನೆರಡು ಪ್ರಶ್ನೆಗಳ ಒಂದು ಫಾರಂ ಮಾಡಿದೆ. ರಕ್ತದ ಗುಂಪು, ಮನೆಯ ಫೋನು, ಯಾವ ಔಷಧಿ ಒಗ್ಗದು ಇತ್ಯಾದಿ. ಏಳನೆಯ ಪ್ರಶ್ನೆ ನನ್ನ ಸ್ವಂತದ್ದು: ನಿನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಯಾವುದರದು?

ಆ ಪ್ರಶ್ನೆಯ ಬಗ್ಗೆ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಮಗು ಯಾವುದಕ್ಕೆ ಹೆದರುತ್ತದೆ ಎಂದು ತಿಳಿಯದೆ ಅದನ್ನು ಕಾಪಾಡುವುದು ಹೇಗೆ? ಮೈದಾನದ ಹೊಂಗೆಮರದ ಕೆಳಗೆ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಆದರೆ ಯಾರ ಕಿವಿಗೂ ಬೀಳದ ಹಾಗೆ, ಒಂದೊಂದೇ ಮಗುವನ್ನು ಕೂರಿಸಿಕೊಂಡು ಕೇಳಿದೆ. ಮಕ್ಕಳು ಮೊದಲು ನಾಯಿ ಎನ್ನುತ್ತಾರೆ, ಹಲ್ಲಿ ಎನ್ನುತ್ತಾರೆ. ಮೊದಲ ಉತ್ತರವನ್ನು ನಂಬಿ ಕೆಟ್ಟವರನ್ನು ನಾನು ಇಲಾಖೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. “ಆಮೇಲೆ?” ಎಂದು ಕೇಳುತ್ತಾ ಹೋದೆ. ನಿಜವಾದ ಉತ್ತರ ಬಂದದ್ದು ತಿಳಿಯುವುದು ನಮ್ಮ ಊರಿನಲ್ಲಿ ಕಷ್ಟವಲ್ಲ. ಮಗು ಕೂತಲ್ಲಿಂದ ಮೇಲೇಳುತ್ತಿತ್ತು. ನಾನು ಅಡಿಪಟ್ಟಿ ಹಿಡಿದು, ಎಷ್ಟು ಅಂಗುಲ ಎಂದು ಉತ್ತರದ ಪಕ್ಕದಲ್ಲೇ ಬರೆದುಕೊಂಡು, “ಜಾಣ ಮಗು” ಎಂದು ಬೆನ್ನು ತಟ್ಟದೆ (ನಿಯಮ ಮೂರು) ಕಳಿಸುತ್ತಿದ್ದೆ.

ಒಂಬತ್ತು ವರ್ಷದ ಮಂದಾರ ಎಂಬ ಹುಡುಗಿ ಮುಕ್ಕಾಲು ಗಂಟೆ ಜಿರಲೆ ಜಿರಲೆ ಎನ್ನುತ್ತಿದ್ದಳು. ನಾನು ಬಿಡಲಿಲ್ಲ. ಕೊನೆಗೆ, “ಅಮ್ಮ ಬೆಳಗ್ಗೆ ಏಳ್ದೇ ಇದ್ರೆ” ಎಂದಳು. ಅವಳ ತಾಯಿಗೆ ಹೃದಯದ ಕಾಯಿಲೆ. ಹದಿನಾಲ್ಕು ಅಂಗುಲ ಎದ್ದಳು, ಅದು ಆ ವರ್ಷದ ಅತಿ ಹೆಚ್ಚಿನ ಅಳತೆ.

ನಲವತ್ತು ಉತ್ತರಗಳನ್ನೂ ಒಂದು ರಿಜಿಸ್ಟರಿನಲ್ಲಿ ದುಂಡಗೆ ನಕಲು ಮಾಡಿ ತರಬೇತುದಾರರ ಕೈಗೆ ಕೊಟ್ಟೆ. ಹತ್ತೊಂಬತ್ತನೆಯ ನಿಯಮ ಹಾಗೆ ಹೇಳುತ್ತದೆ: ಮಗುವಿನ ಹೆದರಿಕೆಯ ವಿವರ ತರಬೇತುದಾರರಿಗೆ ತಿಳಿದಿರತಕ್ಕದ್ದು. ಆ ನಿಯಮ ಬರೆದವಳೂ ನಾನೇ.

ತರಬೇತುದಾರರ ಹೆಸರು ಮಾರ್ತಾಂಡ. ನಲವತ್ತರ ಆಸುಪಾಸಿನ ಶಾಂತ ಮನುಷ್ಯ. ಮಕ್ಕಳಿಗೆ ಬೈದದ್ದನ್ನು ಯಾರೂ ಕೇಳಿಲ್ಲ, ದನಿ ಎತ್ತಿದ್ದನ್ನೂ ಕೇಳಿಲ್ಲ. ರಿಜಿಸ್ಟರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, “ಇಂಥ ಕೆಲಸ ನಮ್ಮ ಸಂಘದಲ್ಲಿ ಯಾರೂ ಮಾಡಿರಲಿಲ್ಲ ಅಮ್ಮ” ಎಂದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಇನ್ನೊಂದು ಸಂಗತಿ ಹೇಳಬೇಕು. ಮೈದಾನದಲ್ಲಿ ಮಕ್ಕಳು ಕಬ್ಬಿಣದ ಅಟ್ಟೆಯ ಬೂಟು ಹಾಕಬೇಕಿತ್ತು. ಸಿದ್ಧವೀರಪ್ಪನವರ ಅಂಗಡಿಯಲ್ಲೇ ತಯಾರಾದ ಅವುಗಳ ಹೆಸರು ‘ಭದ್ರಪಾದ’. ಪ್ರತಿ ಜೋಡಿಯನ್ನೂ ತೂಗಿ ಮುದ್ರೆ ಒತ್ತಿದವಳು ನಾನು. ಹೆತ್ತವರು ಬೇಲಿಯಾಚೆ ನಿಂತು ನೋಡಿದರೆ, ಸಾಲಾಗಿ ನಿಂತ ನಲವತ್ತು ಮಕ್ಕಳಲ್ಲಿ ಒಬ್ಬರ ಪಾದವೂ ನೆಲ ಬಿಟ್ಟಿರುತ್ತಿರಲಿಲ್ಲ. ಎಷ್ಟು ಧೈರ್ಯದ ಮಕ್ಕಳು ಎಂದು ಹಿಗ್ಗುತ್ತಿದ್ದರು. ಬಂಡೆಯ ಬುಡಕ್ಕೆ ಬಂದ ಮೇಲೆ ಮಾತ್ರ ಬೂಟು ಬಿಚ್ಚಿ ಬರಿಗಾಲಲ್ಲಿ ಹತ್ತಬೇಕು. ಆಗ ಮಾರ್ತಾಂಡ ಸರ್ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ನಿಯಮ ಮುರಿಯದ ಹಾಗೆ ಒಂದಿಷ್ಟೂ ಮುಟ್ಟದೆ, ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಒಂದು ಮಾತು ಹೇಳುತ್ತಿದ್ದರು. ಮರುಕ್ಷಣ ಆ ಮಗು ಅಳಿಲಿನ ಹಾಗೆ ಬಂಡೆ ಹತ್ತುತ್ತಿತ್ತು.

ಊರು ಮೂಗಿನ ಮೇಲೆ ಬೆರಳಿಟ್ಟಿತು. ಎರಡು ವರ್ಷದಲ್ಲಿ ಆರು ಕಪ್ ಬಂದವು. ಸರ್ ಕಿವಿಯಲ್ಲಿ ಹೇಳುವುದು ಮಂತ್ರ ಎಂದು ಎಲ್ಲರೂ ಒಪ್ಪಿದರು. ಯಾವ ದೇವರದು ಎಂಬ ಬಗ್ಗೆ ಮಾತ್ರ ಒಮ್ಮತ ಇರಲಿಲ್ಲ. ಹೆದರಿದ ಮಗು ಹಗುರ ಎಂಬುದು ಊರಿಗೆಲ್ಲ ಗೊತ್ತು. ಹಗುರ ಇದ್ದವರು ಬೇಗ ಹತ್ತುತ್ತಾರೆ ಎಂಬುದೂ ಗೊತ್ತು. ಆದರೂ ನಮಗೆ ಯಾರಿಗೂ ಹೊಳೆಯಲಿಲ್ಲ. ಕಪ್ ಬರುತ್ತಿರುವಾಗ ಇಂಥದ್ದು ಹೊಳೆಯುವುದು ಕಷ್ಟ.

ಮೇಲಿನಿಂದ ಮತ್ತೊಂದು ಕಾಗದ ಬಂತು. ಬುದ್ಧಿ ಬೆಳೆಯದ ದೊಡ್ಡವರನ್ನೂ ಸಂಘಗಳು ಸೇರಿಸಿಕೊಳ್ಳತಕ್ಕದ್ದು. ಹಾಗೆ ಬಂದವನು ಗುರುಪಾದ. ವಯಸ್ಸು ಮೂವತ್ತಾರು, ಮೀಸೆಯಲ್ಲಿ ಒಂದೆರಡು ನರೆ, ಮನಸ್ಸು ಆರೇಳು ವರ್ಷದ್ದು. ನಮ್ಮ ಊರಿನಲ್ಲಿ ಇಂದಿಗೂ ನೆಲ ಬಿಡುವ ದೊಡ್ಡವನು ಅವನೊಬ್ಬನೇ. ಅವನ ಅಕ್ಕ ಚೆನ್ನಾಜಮ್ಮ ಬಸ್ ನಿಲ್ದಾಣದ ಪಕ್ಕ ಚಕ್ಕುಲಿ, ಕೋಡುಬಳೆ ಕರಿದು ಮಾರುತ್ತಾಳೆ. ಅವನನ್ನು ಸಾಕಲೆಂದೇ ಮದುವೆಯಾಗದೆ ಉಳಿದವಳು. ಸಿದ್ಧವೀರಪ್ಪನವರು ಗುರುಪಾದನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ನಾನು ಅವನನ್ನು ಹೊಂಗೆಮರದಡಿ ಕೂರಿಸಿಕೊಂಡು ಫಾರಂ ತೆಗೆದೆ.

ಅವನ ಬಳಿ ಮುಕ್ಕಾಲು ಗಂಟೆ ಬೇಕಾಗಲಿಲ್ಲ. ಕೇಳಿದ ಕೂಡಲೇ ಹೇಳಿದ: “ಅಕ್ಕ ಬಸ್ ಹತ್ಕೊಂಡ್ ಹೋಗ್ಬಿಟ್ರೆ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಅರ್ಧಂಬರ್ಧ ಬರೆಯುವುದು ನನ್ನ ಜಾಯಮಾನವಲ್ಲ.

“ಯಾವ ಬಸ್ಸು ಗುರುಪಾದ?”

“ಕೆಂಪು ಬಸ್ಸು.”

“ಅದರಲ್ಲಿ ಎಲ್ಲಿ ಕೂತಿರ್ತಾಳೆ?”

ಅವನು ಯೋಚಿಸಿದ. “ಹಿಂದೆ. ಕಿಟಕಿ ಹತ್ರ.”

“ಹೋಗುವಾಗ ನಿನ್ನ ಕಡೆ ತಿರುಗಿ ನೋಡ್ತಾಳಾ?”

ಇದನ್ನು ಅವನು ಅದುವರೆಗೆ ಯೋಚಿಸಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. “ನೋಡಲ್ಲ” ಎಂದ. ಇಪ್ಪತ್ತೊಂದು ಅಂಗುಲ. ನಾನು ಎದ್ದು ನಿಂತು ಅಳೆಯಬೇಕಾಯಿತು. ಅದೂ ರಿಜಿಸ್ಟರಿಗೆ ಸೇರಿತು.

ಮೊದಲ ಒಂದು ತಿಂಗಳು ಗುರುಪಾದ ಹಗ್ಗ ಸುತ್ತುವ ಕೆಲಸ ಮಾಡಿಕೊಂಡು ಸುಖವಾಗಿದ್ದ. ಅವನು ಸುತ್ತಿದ ಹಗ್ಗದಲ್ಲಿ ಒಂದು ಸಿಕ್ಕೂ ಇರುತ್ತಿರಲಿಲ್ಲ. ಏಳು ಊರುಗಳ ಸಂಘಗಳು ನಮ್ಮ ಬಂಡೆಯಲ್ಲೇ ಸೇರುವ ದೊಡ್ಡ ಸ್ಪರ್ಧೆ ಹತ್ತಿರ ಬಂತು. ಗುರುಪಾದನಂಥವರಿಗೆ ಅದರಲ್ಲಿ ಬೇರೆ ಬಹುಮಾನವಿತ್ತು. ಆದ್ದರಿಂದ ಒಂದು ಭಾನುವಾರ ಅವನನ್ನೂ ಬಂಡೆಯ ಬುಡದಲ್ಲಿ ನಿಲ್ಲಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಬೂಟು ಬಿಚ್ಚಿಸಿದರು. ಮಾರ್ತಾಂಡ ಸರ್ ಕೈ ಹಿಂದೆ ಕಟ್ಟಿ ಅವನ ಕಿವಿಯಲ್ಲಿ ಮಂತ್ರ ಹೇಳಿದರು.

ಗುರುಪಾದ ಬಂಡೆ ಹತ್ತಲಿಲ್ಲ. ನೆಟ್ಟಗೆ ಮೇಲೆ ಹೋದ. ಕೈಕಾಲು ಬಡಿಯುತ್ತಾ, ಹಗ್ಗ ಮುಗಿಯುವವರೆಗೆ, ಎರಡು ತೆಂಗಿನಮರದಷ್ಟು ಎತ್ತರಕ್ಕೆ ಹೋಗಿ ಗಾಳಿಪಟದ ಹಾಗೆ ತೇಲಾಡಿದ. ಬೇಲಿಯಾಚೆಯ ಜನ ಹೊಟ್ಟೆ ಹಿಡಿದು ನಕ್ಕರು. ಯಾರೋ ಸಿಳ್ಳೆ ಹೊಡೆದರು. “ಅಕ್ಕಾ, ಅಕ್ಕಾ” ಎಂದು ಅವನು ಕೂಗುತ್ತಿದ್ದ. ನಾಲ್ಕು ಜನ ಸೇರಿ ಅವನನ್ನು ಕೆಳಗಿಳಿಸಲು ಅರ್ಧ ಗಂಟೆ ಹಿಡಿಯಿತು. ನಾನೂ ನಕ್ಕೆ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಇಳಿದವನು ನೇರವಾಗಿ ನನ್ನ ಬಳಿ ಬಂದು ಸೆರಗು ಹಿಡಿದುಕೊಂಡ. ‘ಅಳತೆಯಮ್ಮ’ ಎಂಬುದನ್ನು ಬೆನ್ನ ಹಿಂದೆ ಅನ್ನಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಅಳತೆಯಮ್ಮಾ, ಅಕ್ಕ ಹೋದ್ಲಂತೆ. ಕೆಂಪು ಬಸ್ಸಲ್ಲಿ ಹೋದ್ಲಂತೆ. ಹಿಂದ್ಗಡೆ ಕಿಟಕೀಲಿ ಕೂತಿದ್ಲಂತೆ. ತಿರುಗಿ ನೋಡ್ಲೇ ಇಲ್ವಂತೆ.”

ಕೆಂಪು ಬಸ್ಸನ್ನು ಯಾರು ಬೇಕಾದರೂ ಊಹಿಸಬಹುದು. ಆದರೆ ಅವಳು ತಿರುಗಿ ನೋಡುವುದಿಲ್ಲ ಎಂಬ ಮಾತು ಈ ಭೂಮಿಯ ಮೇಲೆ ಒಂದೇ ಒಂದು ಕಡೆ ಇತ್ತು. ನಾನು ಕೇಳುವವರೆಗೆ ಅದು ಗುರುಪಾದನ ತಲೆಯಲ್ಲೂ ಇರಲಿಲ್ಲ.

ಅವನ ಕೈ ಹಿಡಿದು ಬಸ್ ನಿಲ್ದಾಣದವರೆಗೆ ನಡೆಸಿಕೊಂಡು ಹೋದೆ. ಬೂಟು ಹಾಕಿದ್ದರೂ ದಾರಿಯುದ್ದಕ್ಕೂ ಅವನ ಹಿಮ್ಮಡಿ ನೆಲಕ್ಕೆ ತಾಗಲಿಲ್ಲ. ಚೆನ್ನಾಜಮ್ಮ ಬಾಣಲೆಯ ಮುಂದೆ ಕೂತಿದ್ದಳು. ಅವನು ಹಿಂದಿನಿಂದ ಅವಳ ಕುತ್ತಿಗೆ ತಬ್ಬಿಕೊಂಡು ಬಿಕ್ಕಿದ. “ಅಯ್ಯೋ ಎಣ್ಣೆ, ಎಣ್ಣೆ ಐತೆ, ದೂರ ನಿಂತ್ಕೊ! ಯಾರ್ಲಾ ನಿನ್ನ ಅಳಿಸ್ದೋರು?” ಎಂದು ಅವಳು ನನ್ನ ಮುಖ ನೋಡಿದಳು.

“ಯಾರೋ ಏನೋ ಅಂದ್ರು” ಎಂದೆ. ಆ ದಿನ ನನ್ನ ಕೈಲಾದ ಪ್ರಾಮಾಣಿಕತೆ ಅಷ್ಟೇ.

ಮರುದಿನ ಹಗ್ಗದ ಕೋಣೆಯಿಂದ ರಿಜಿಸ್ಟರನ್ನು ತೆಗೆದುಕೊಂಡು, ಶಾಲೆ ಬಿಡುವ ಹೊತ್ತಿಗೆ ಮಂದಾರಳನ್ನು ಕಂಡೆ. ಸರ್ ಕಿವಿಯಲ್ಲಿ ಏನು ಹೇಳುತ್ತಾರೆ ಎಂದು ಕೇಳಿದೆ. “ಹೇಳ್ಬಾರ್ದು” ಎಂದಳು. ನನಗೂ ಹೇಳಬಾರದೇ ಎಂದೆ. ಅವಳು ನನ್ನ ಕಂಕುಳಲ್ಲಿದ್ದ ರಿಜಿಸ್ಟರನ್ನು ನೋಡಿದಳು.

“ನಿಮಗೆ ಗೊತ್ತಲ್ಲ. ನೀವೇ ಬರ್ಕೊಂಡಿದ್ದು.”

“ಆದರೂ ಹೇಳು ಪುಟ್ಟ.”

“‘ನಿಮ್ಮಮ್ಮ ಇವತ್ತು ಎದ್ದಿಲ್ಲ’ ಅಂತಾರೆ. ಪ್ರತಿ ಸಲಾನೂ ಅಂತಾರೆ. ಸುಳ್ಳು ಅಂತ ಗೊತ್ತು. ಆದ್ರೆ ಒಂದ್ ಸಲ ನಿಜ ಇದ್ರೆ? ಬಂಡೆ ತುದಿಗೆ ಹೋದ್ರೆ ನಮ್ಮನೆ ಹಿತ್ಲು ಕಾಣತ್ತೆ. ಅಮ್ಮ ಬಟ್ಟೆ ಒಣಗ್ಹಾಕ್ತಾ ಇದಾಳಾ ಅಂತ ನೋಡಕ್ಕೆ ಬೇಗ ಬೇಗ ಹತ್ತೀನಿ.”

ಅವಳಿಗೆ ಆ ವರ್ಷದ ಉತ್ತಮ ಆಟಗಾರ್ತಿ ಎಂಬ ಕಪ್ ಬಂದಿತ್ತು. ಅದನ್ನು ಕೊಟ್ಟದ್ದು ನನ್ನ ಕೈಯಿಂದಲೇ. ನಾನು ಅಲ್ಲಿಯೇ, ಶಾಲೆಯ ಗೋಡೆಗೆ ಕೈ ಕೊಟ್ಟು ನಿಂತುಕೊಂಡೆ. ಮೂವತ್ತೊಂದು ವರ್ಷ ಇನ್ನೊಬ್ಬರ ತಕ್ಕಡಿ ಹಿಡಿದು ನೋಡಿದವಳಿಗೆ ತನ್ನ ತಕ್ಕಡಿಯಡಿ ಅಂಟಿದ್ದು ಕಂಡಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಮಂದಾರ ಸ್ವಲ್ಪ ಹೊತ್ತು ನೋಡಿ ಮನೆಗೆ ಹೋದಳು.

ಮಾರ್ತಾಂಡ ಸರ್ ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಯಾವುದನ್ನೂ ಅಲ್ಲಗಳೆಯಲಿಲ್ಲ.

“ಅಮ್ಮಾ, ನಾನು ಒಂದು ಮಗೂನ ಮುಟ್ಟಿದೀನಾ? ಬೈದಿದೀನಾ? ಒಂಟಿಯಾಗಿ ಕರ್ಕೊಂಡ್ ಹೋಗಿದೀನಾ? ನಿಮ್ಮ ಇಪ್ಪತ್ತಾರರಲ್ಲಿ ಯಾವುದನ್ನ ಮುರಿದಿದೀನಿ, ತೋರಿಸಿ. ಊರೆಲ್ಲ ನೋಡ್ತಾ ಇರೋವಾಗಲೇ ಹೇಳೋದು ನಾನು. ಮುಚ್ಚುಮರೆ ಏನಿದೆ?” ಎಂದು, ಕಾಫಿ ಲೋಟವನ್ನು ನನ್ನತ್ತ ಸರಿಸಿ, “ಅದೂ ಅಲ್ದೆ, ಅದು ನನ್ನ ಮಾತಲ್ಲ. ಮಕ್ಕಳ ಮಾತು, ನಿಮ್ಮ ಅಕ್ಷರ. ನಿಮ್ಮಷ್ಟು ಚೆನ್ನಾಗಿ ಕೇಳಿ ತೆಗೆಯೋದು ನನ್ನ ಕೈಲಿ ಆಗ್ತಿರ್ಲಿಲ್ಲ” ಎಂದರು.

ಕೊನೆಯ ಮಾತನ್ನು ಅವರು ವ್ಯಂಗ್ಯಕ್ಕೆ ಹೇಳಿರಲಿಲ್ಲ. ನಿಜವಾಗಿಯೂ ಮೆಚ್ಚಿದ್ದರು.

ಸಂಘಕ್ಕೆ ದೂರು ಕೊಟ್ಟೆ, ಸಮಿತಿ ಸಭೆ ಸೇರಿತು. ಸಿದ್ಧವೀರಪ್ಪನವರು ನನ್ನ ದೂರನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿ, ಇಪ್ಪತ್ತೇಳನೆಯ ನಿಯಮವೊಂದನ್ನು ಸೇರಿಸೋಣ ಎಂದರು: ತರಬೇತುದಾರರು ಮಗುವಿನ ಕಿವಿಯಲ್ಲಿ ಹೇಳುವ ಮಾತು ಐದು ಪದಗಳನ್ನು ಮೀರತಕ್ಕದ್ದಲ್ಲ. ಎಲ್ಲರೂ ಕೈ ಎತ್ತಿದರು. ಸಭೆ ಮುಗಿದ ಮೇಲೆ ಅವರು ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದು, “ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಇದು ಹೊರಗೆ ಹೋದ್ರೆ ಮೊದಲು ಬರೋದು ನಿಮ್ಮ ಹೆಸರೇ. ಪುಸ್ತಕ ನಿಮ್ಮದು, ಕೊಟ್ಟೋರು ನೀವು. ಮೂವತ್ತೊಂದು ವರ್ಷದ ಹೆಸರು” ಎಂದರು.

ಮೂರು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿಕೊಂಡು ತಿರುಗಿದೆ. ಸ್ಪರ್ಧೆ ಭಾನುವಾರ. ಗುರುಪಾದನನ್ನು ಮತ್ತೆ ಬುಡದಲ್ಲಿ ನಿಲ್ಲಿಸುತ್ತಾರೆ, ಅಕ್ಕ ಹೊರಟುಹೋದಳು ಎಂದು ಮತ್ತೆ ಹೇಳುತ್ತಾರೆ, ಏಳು ಊರಿನ ಜನ ನಗುತ್ತಾರೆ. ನಾನು ತಡೆಯಬೇಕೆಂದರೆ ಅವನ ಅಕ್ಕನ ಮುಂದೆ ಹೋಗಿ ಅದು ನನ್ನ ಪುಸ್ತಕದಿಂದ ಬಂತು ಎನ್ನಬೇಕು. ಇಷ್ಟೇ ವಿಷಯ. ಇಷ್ಟಕ್ಕೆ ಮೂರು ದಿನ ಬೇಕಾಯಿತು.

ಶನಿವಾರ ಬೆಳಗ್ಗೆ ಚೆನ್ನಾಜಮ್ಮನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕರಿಯುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ಕೇಳಿ, ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಬಡಿದು, “ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು” ಎಂದಳು. ಚಕ್ಕುಲಿ ಎತ್ತಿಹಾಕಿ, “ಇಪ್ಪತ್ತು ವರ್ಷದಿಂದ ಬಸ್ ನಿಲ್ದಾಣದಾಗೆ ಕೂತಿವ್ನಿ ಕಣಮ್ಮ. ಒಂದ್ ಬಸ್ಸೂ ಹತ್ತಿಲ್ಲ. ತಿರುಗಿ ನೋಡಲ್ಲ ಅಂತ ಅವ್ನ ಬಾಯಾಗೆ ಹೆಂಗಮ್ಮ ಹೇಳಿಸ್ದೆ?” ಎಂದಳು.

ಅಲ್ಲಿಂದ ಹೊರಟವಳು ಪಟ್ಟಿ ಹಿಡಿದು ಉಳಿದ ಮನೆಗಳಿಗೂ ಹೋದೆ. ತಪ್ಪು ತಿದ್ದಿಕೊಳ್ಳುವುದಕ್ಕೆ ಇದೇ ದಾರಿ ಎಂದು ನನಗೆ ಖಚಿತವಾಗಿತ್ತು. ಪ್ರತಿ ಬಾಗಿಲಲ್ಲೂ ನಿಂತು ಆ ಮಗುವಿನ ಪುಟ ತೆರೆದು, ಏಳನೆಯ ಉತ್ತರವನ್ನು ಗಟ್ಟಿಯಾಗಿ ಓದಿ, ಇದನ್ನೇ ಸರ್ ಕಿವಿಯಲ್ಲಿ ಹೇಳುತ್ತಾರೆ, ನಾಳೆ ನೀವು ಬಂದು ಬುಡದಲ್ಲಿ ಕೂರಿ ಎಂದೆ. “ಕಪ್ ಬರೋ ಹೊತ್ತಿಗೆ ಕಲ್ಲು ಹಾಕ್ತೀರಲ್ಲ” ಎಂದು ಒಬ್ಬ ಅಜ್ಜಿ ರೇಗಿದರು. ಒಬ್ಬ ತಂದೆ ಬಹಳ ಆಸಕ್ತಿಯಿಂದ ಕೇಳಿಸಿಕೊಂಡು, ಆ ಪುಟದ ಜೆರಾಕ್ಸ್ ಸಿಗುತ್ತದೆಯೇ, ಪರೀಕ್ಷೆಯ ಸಮಯದಲ್ಲಿ ಉಪಯೋಗಕ್ಕೆ ಬರುತ್ತದೆ ಎಂದರು. ಇನ್ನೊಂದು ಮನೆಯಲ್ಲಿ ಹುಡುಗನ ಉತ್ತರ ‘ಅಪ್ಪ ಒಳಗಿನಿಂದ ಚಿಲಕ ಹಾಕುವ ಸದ್ದು’ ಎಂದಿತ್ತು. ಅದನ್ನು ಅಪ್ಪನಿಗೇ ಓದಿ ಹೇಳಿದೆ. ಅವರು ತುಂಬ ಉಪಕಾರವಾಯಿತು ಎಂದು ಕೈಮುಗಿದು ಬಾಗಿಲು ಮುಚ್ಚಿಕೊಂಡರು. ಚಿಲಕ ಬಿದ್ದದ್ದು ನನಗೆ ಕೇಳಿಸಿತು. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮನೆ ಬಾಕಿ ಇದ್ದವು, ಹೊರಟೆ.

ಭಾನುವಾರ ಬುಡದಲ್ಲಿ ಕೂರಲು ಬಂದ ಮನೆಯವರು ಹದಿನಾಲ್ಕೇ ಜನ. ಮಂದಾರಳ ತಾಯಿ ಆಟೋದಲ್ಲಿ ಬಂದು, ಶಾಲು ಹೊದ್ದು, ಬಂಡೆಯ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಚೆನ್ನಾಜಮ್ಮ ಅಂಗಡಿ ಮುಚ್ಚಿ, ಕೋಡುಬಳೆಯ ಬುಟ್ಟಿಯೊಂದಿಗೆ ನೆಲದ ಮೇಲೆ ಕಾಲು ಚಾಚಿ ಕೂತಳು. ಮಾರ್ತಾಂಡ ಸರ್ ಎಲ್ಲರಿಗೂ ನಮಸ್ಕಾರ ಮಾಡಿ ಎಂದಿನಂತೆ ಕೈ ಹಿಂದೆ ಕಟ್ಟಿದರು. ಐದು ಪದ ಮೀರಲಿಲ್ಲ.

ಮಂದಾರ ಮಾತು ಕೇಳಿಸಿಕೊಂಡು ತಿರುಗಿ ತಾಯಿಯನ್ನು ನೋಡಿದಳು. ತಾಯಿ ಕೈ ಬೀಸಿದರು. ಹುಡುಗಿಯ ಅಂಗಾಲು ನೆಲದ ಮೇಲೆಯೇ ಇತ್ತು. ಆಮೇಲೆ ಅವಳು ಬಂಡೆ ಹತ್ತಿದ ಪರಿಯನ್ನು ಏನೆಂದು ಹೇಳಲಿ? ಒಂದೊಂದು ಹೆಜ್ಜೆಗೂ ಕಾಲಿಡುವ ಜಾಗ ಹುಡುಕಿ, ಉಸಿರುಬಿಟ್ಟು, ಎರಡು ಸಲ ಜಾರಿ, ಅರ್ಧದಲ್ಲಿ ಕೂತು ಕೆಳಗೆ ನೋಡಿ, “ಅಮ್ಮಾ, ಇಲ್ಲಿಂದ ನೀನು ಸಣ್ಣಕ್ಕೆ ಕಾಣ್ತೀಯ!” ಎಂದು ಕೂಗಿ, ಮತ್ತೆ ಹತ್ತಿ, ಎಲ್ಲರಿಗಿಂತ ಕೊನೆಯಲ್ಲಿ ತುದಿ ಮುಟ್ಟಿದಳು. ಅವಳ ಮೈಯಲ್ಲಿ ಅಷ್ಟು ಭಾರ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಗುರುಪಾದನಂತೂ ಕಿವಿಯ ಮಾತು ಮುಗಿಯುವ ಮೊದಲೇ, “ಸುಳ್ಳು! ಅಲ್ಲೇ ಕುಂತವ್ಳೆ, ಕೋಡ್ಬಳೆ ತಿಂತಾವ್ಳೆ!” ಎಂದು ಕೂಗಿದ. ಏಳು ಊರಿನ ಜನ ನಕ್ಕರು. ಈ ಸಲ ಮಾರ್ತಾಂಡ ಸರ್ ಕಿವಿ ಕೆಂಪಾಗಿತ್ತು. ಗುರುಪಾದ ಬಂಡೆ ಹತ್ತಲೂ ಇಲ್ಲ, ಹಾರಲೂ ಇಲ್ಲ. ಅಕ್ಕನ ಪಕ್ಕ ಹೋಗಿ ಕೂತು ಬುಟ್ಟಿಗೆ ಕೈ ಹಾಕಿದ.

ಏಳು ಸಂಘಗಳಲ್ಲಿ ನಮ್ಮದು ಏಳನೆಯದಾಯಿತು. ಎರಡು ವರ್ಷ ಮಕ್ಕಳ ಕಿವಿಯಲ್ಲಿ ವಿಷ ಸುರಿದಾಗ ಅಲುಗದ ಸಮಿತಿ ಎರಡೇ ದಿನದಲ್ಲಿ ಸಭೆ ಸೇರಿತು. ಫಲಿತಾಂಶ ತೃಪ್ತಿಕರವಾಗಿಲ್ಲದ ಕಾರಣ ತರಬೇತುದಾರರನ್ನು ಬಿಡುಗಡೆ ಮಾಡಲಾಗಿದೆ ಎಂದು ಬರೆದುಕೊಂಡರು. ಬೇರೆ ಯಾವ ಕಾರಣವೂ ಅದರಲ್ಲಿ ಇರಲಿಲ್ಲ. ಮಾರ್ತಾಂಡ ಸರ್‌ಗೆ ಪಕ್ಕದ ಊರಿನಲ್ಲಿ ಆಗಲೇ ಕೆಲಸ ಸಿಕ್ಕಿತ್ತು. ಅವರು ಇಪ್ಪತ್ತಾರರಲ್ಲಿ ಯಾವ ನಿಯಮವನ್ನೂ ಮುರಿದಿಲ್ಲ ಎಂಬ ಪ್ರಮಾಣಪತ್ರಕ್ಕೆ ರಕ್ಷಣಾಧಿಕಾರಿಯ ಸಹಿ ಬೇಕಿತ್ತು. ಅದರಲ್ಲಿದ್ದದ್ದು ಅಕ್ಷರಶಃ ನಿಜ. ನಾನು ಸಹಿ ಹಾಕುವುದಿಲ್ಲ ಎಂದೆ. ಸಿದ್ಧವೀರಪ್ಪನವರು ತಮ್ಮ ಪೆನ್ನು ತೆಗೆದು ನನ್ನ ಪರವಾಗಿ ಹಾಕಿದರು. ಪಕ್ಕದ ಊರಿನ ಸಂಘಕ್ಕೆ ನಾನೇ ಒಂದು ಉದ್ದನೆಯ ಪತ್ರ ಬರೆದೆ. ತಲುಪಿದೆ, ಧನ್ಯವಾದ ಎಂದು ಉತ್ತರ ಬಂತು.

ರಿಜಿಸ್ಟರನ್ನು ಚೆನ್ನಾಜಮ್ಮನ ಒಲೆಗೆ ಕೊಟ್ಟೆ. ಅದರ ಉರಿಯಲ್ಲಿ ಅವಳು ಒಂದು ಬಾಣಲೆ ಚಕ್ಕುಲಿ ಕರಿದಳು. ಭದ್ರಪಾದಗಳನ್ನು ರದ್ದು ಮಾಡಿಸಿದೆ. ಇಷ್ಟೆಲ್ಲ ಆದ ಮೇಲೆ ಮನಸ್ಸಿಗೆ ಒಂದು ಬಗೆಯ ಸಮಾಧಾನ ಬಂತು, ಅದನ್ನು ಮರೆಮಾಚುವುದಿಲ್ಲ. ತಪ್ಪು ಮಾಡಿದೆ, ಒಪ್ಪಿಕೊಂಡೆ, ಮನೆ ಮನೆಗೂ ಹೋಗಿ ಸರಿಮಾಡಿದೆ ಎಂದುಕೊಂಡೆ. ಹನ್ನೊಂದೇ ಪ್ರಶ್ನೆಗಳ ಹೊಸ ಫಾರಂ ಬರೆದೆ.

ಮುಂದಿನ ಭಾನುವಾರ ಬೆಳಗ್ಗೆ ಅದನ್ನು ಹಿಡಿದು ಮೈದಾನಕ್ಕೆ ಹೋದೆ. ಮಕ್ಕಳು ನನಗಿಂತ ಮೊದಲೇ ಬಂದಿದ್ದರು. ಬೂಟಿಲ್ಲದ ಕಾಲುಗಳು ಮಣ್ಣಿನ ಮೇಲೆ ಥಪಥಪ ಓಡುತ್ತಿದ್ದವು. ಮಂದಾರ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಚಿಲಕದ ಮನೆಯ ಹುಡುಗ ಒಬ್ಬನೇ ಬೇಲಿಗೆ ಒರಗಿ ನಿಂತಿದ್ದ, ಅವನ ಕಾಲೂ ನೆಲದಲ್ಲೇ ಇತ್ತು. ಗುರುಪಾದ ಕೂತು ಹಗ್ಗ ಸುತ್ತುತ್ತಿದ್ದ. ನೋಡಿ ನನ್ನ ಕಣ್ಣು ತುಂಬಿತು. ಗೇಟು ತೆರೆದು ಒಳಗೆ ಕಾಲಿಟ್ಟೆ.

ಆ ಹುಡುಗ ಮೊದಲು ಕಂಡ. ಆಮೇಲೆ ಮಂದಾರ ನಿಂತಳು. ಒಬ್ಬರ ನಂತರ ಒಬ್ಬರು ಓಟ ನಿಲ್ಲಿಸಿ ಈ ಕಡೆ ತಿರುಗಿದರು. ನೋಡನೋಡುತ್ತಿದ್ದಂತೆ ನಲವತ್ತು ಮಕ್ಕಳೂ ಒಟ್ಟಿಗೆ ನೆಲ ಬಿಟ್ಟು ಮೇಲೆದ್ದರು. ಸುತ್ತಿದ ಹಗ್ಗವನ್ನು ಎದೆಗೆ ಅವಚಿಕೊಂಡು ಗುರುಪಾದನೂ ಎದ್ದ.

ಯಾರು ಬಂದರಪ್ಪಾ ಎಂದು ನಾನು ಹಿಂದೆ ತಿರುಗಿ ನೋಡಿದೆ. ಗೇಟಿನ ಬಳಿ ಯಾರೂ ಇರಲಿಲ್ಲ.